ನಾಲ್ಕು ಸ್ಥಾನದ ವಾರ್ಡಿನಲ್ಲಿ ನಾವು ಗೆದ್ದ ಲೆಕ್ಕ

ಒಂದೇ ವಾರ್ಡಿಗೆ ಹಲವು ಸದಸ್ಯರಿರುವ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಓಡಾಡಿದವರಿಗೆ ನಿಯಮ ಗೊತ್ತೇ ಇದೆ: ಸ್ಥಾನಗಳಿದ್ದಷ್ಟು ಮತ, ಒಬ್ಬ ಅಭ್ಯರ್ಥಿಗೆ ಒಂದೇ ಮತ, ಸ್ಥಾನಗಳಿಗಿಂತ ಹೆಚ್ಚು ಮುದ್ರೆ ಬಿದ್ದರೆ ಮತಪತ್ರ ತಿರಸ್ಕೃತ. ಆದರೆ ಕಡಿಮೆ ಒತ್ತಿದರೂ ಅದು ಸಿಂಧುವೇ. ಸಿಂಧನೂರು ತಾಲ್ಲೂಕಿನ ನಮ್ಮ ಊರಿನಲ್ಲಿ ಈ ಕೊನೆಯ ಮಾತನ್ನು ಪ್ರಚಾರಕ್ಕೆ ಬಳಸಿದವರು ನಾವೇ ಮೊದಲು.

2015ರಲ್ಲಿ ನನ್ನ ಚಿಕ್ಕಮ್ಮ ನಮ್ಮ ವಾರ್ಡಿನ ನಾಲ್ಕು ಸ್ಥಾನಗಳಲ್ಲಿ ಒಂದಾದ ಸಾಮಾನ್ಯ ಮಹಿಳೆ ಸ್ಥಾನಕ್ಕೆ ನಿಂತು ಇಪ್ಪತ್ತು ಚಿಲ್ಲರೆ ಮತಗಳಿಂದ ಸೋತರು. ಕರಪತ್ರ, ಮೈಕಿನ ಆಟೊ, ಹುಡುಗರ ಊಟ ಎಲ್ಲ ಸೇರಿ ಸುಮಾರು 60,000 ರೂಪಾಯಿ ಕೈಬಿಟ್ಟು ಹೋಗಿತ್ತು. ಒಂದೊಂದು ಮತಪತ್ರದಲ್ಲೂ ಹಲವು ಮುದ್ರೆಗಳಿರುವುದರಿಂದ ಅಭ್ಯರ್ಥಿವಾರು ಕಟ್ಟು ಕಟ್ಟಿ ಎಣಿಸಿ ಮುಗಿಸಲು ಬರುವುದಿಲ್ಲ. ಹಾಗಾಗಿ ಎಣಿಕೆಯ ಮೇಜಿನ ಎದುರು ಕುಳಿತು, ನಮ್ಮ ಚಿಹ್ನೆಯ ಜೊತೆಗೆ ಇನ್ನಾರ ಚಿಹ್ನೆಗೆ ಮುದ್ರೆ ಬಿದ್ದಿದೆ ಎಂಬುದನ್ನು ಗೀಟು ಹಾಕುತ್ತ ಹೋದೆ. ನಮಗೆ ಬಂದ ಮತಪತ್ರಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು, ಅದೇ ಸ್ಥಾನಕ್ಕೆ ನಿಂತಿದ್ದ ಎದುರಾಳಿಗೂ ಮತ ಕೊಟ್ಟಿತ್ತು. "ಇಬ್ರೂ ನಮ್ಮೋರೇ ಅದಾರ ತಮ್ಮಾ, ಇಬ್ರಿಗೂ ಒಂದೊಂದು ಹಾಕೀನಿ" ಎಂದು ಓಣಿಯ ಹಿರಿಯರೊಬ್ಬರು ಹೇಳಿದ ಮೇಲೆ ಸೋಲಿನ ಕಾರಣ ಸ್ಪಷ್ಟವಾಯಿತು. ಮತಪತ್ರ ಸಿಂಧುವೇ ಆದರೂ, ಎದುರಾಳಿಗೆ ಬಿದ್ದ ಆ ಎರಡನೆಯ ಮುದ್ರೆ ಮೊದಲನೆಯದರಿಂದ ನಮಗೆ ಸಿಕ್ಕ ಲಾಭವನ್ನು ಅಳಿಸಿಬಿಡುತ್ತದೆ.

2020ರಲ್ಲಿ ನಾವು ಕೇಳಿದ್ದು ಇಷ್ಟೇ: ನಮಗೆ ಒಂದು ಒತ್ತಿ, ಉಳಿದ ಮೂರನ್ನು ಬೇರೆ ಸ್ಥಾನಗಳಿಗೆ ನಿಂತವರಿಗೆ ಕೊಡಿ, ಮನಸ್ಸಿಲ್ಲದಿದ್ದರೆ ಹಾಗೇ ಬಿಡಿ. ಸಿಕ್ಕ ಮತವನ್ನು ಬಿಟ್ಟುಬಿಡಿ ಎಂದರೆ ಯಾರು ಕೇಳುತ್ತಾರೆ ಎಂದು ನಮ್ಮ ಗುಂಪಿನವರೇ ತಲೆ ಅಲ್ಲಾಡಿಸಿದರು. ಸ್ತ್ರೀಶಕ್ತಿ ಸಂಘದ ಹೆಣ್ಣುಮಕ್ಕಳಿಗೆ ಕೈಯಿಂದ ಗೆರೆ ಎಳೆದ ಹಾಳೆ ಕೊಟ್ಟು ಅಭ್ಯಾಸ ಮಾಡಿಸಿದಾಗ ಮೊದಲ ಸಲ ಅರ್ಧದಷ್ಟು ಹಾಳೆಗಳಲ್ಲಿ ಐದು ಗುರುತುಗಳಿದ್ದವು. ನಾಲ್ಕನೆಯ ಸಲಕ್ಕೆ ಅದು ನಿಂತಿತು. ಯಾವ ಮನೆಗೆ ಯಾರನ್ನು ಕಳಿಸಿದೆವು, ಭತ್ತದ ಕೊಯ್ಲಿನ ನಡುವೆ ಕ್ಯಾಂಪಿನವರನ್ನು (ನೀರಾವರಿ ಭೂಮಿಗೆ ವಲಸೆ ಬಂದು ನೆಲೆಸಿದವರನ್ನು) ಯಾವ ಹೊತ್ತಿಗೆ ಹಿಡಿದೆವು ಎಂಬುದನ್ನು ಮುಂದಿನ ಚುನಾವಣೆ ಮುಗಿಯುವವರೆಗೆ ಬರೆಯಲಾರೆ.

ಇದರ ನಡುವೆ ಪರಿಶಿಷ್ಟ ಪಂಗಡದ ಹುಡುಗನೊಬ್ಬನನ್ನು ಸಾಮಾನ್ಯ ಸ್ಥಾನಕ್ಕೆ ನಿಲ್ಲಿಸಿ ನೋಡಿದೆವು. ಮೀಸಲು ಸ್ಥಾನವಿರುವಾಗ ಇಲ್ಲಿಗೇಕೆ ಎಂದವರಿಗೆ 1957ರ ಪಾರ್ವತಿಪುರಂ ದ್ವಿಸದಸ್ಯ ಲೋಕಸಭಾ ಕ್ಷೇತ್ರದ ಕಥೆ ಹೇಳಿದೆ. ಅಲ್ಲಿ ಒಂದು ಸ್ಥಾನ ಮೀಸಲು, ಒಂದು ಸಾಮಾನ್ಯವಾಗಿದ್ದರೂ ಎರಡೂ ಸ್ಥಾನಗಳು ಪರಿಶಿಷ್ಟ ಪಂಗಡದ ಅಭ್ಯರ್ಥಿಗಳಿಗೇ ಹೋಗಿ, ಮುಂದೆ ರಾಷ್ಟ್ರಪತಿಯಾದ ವಿ.ವಿ. ಗಿರಿಯವರು ಸೋತರು, 1959ರಲ್ಲಿ ಸುಪ್ರೀಂ ಕೋರ್ಟ್ ಆ ಫಲಿತಾಂಶವನ್ನೇ ಎತ್ತಿಹಿಡಿಯಿತು. ಸಾಮಾನ್ಯ ಸ್ಥಾನ ಎಲ್ಲರದೂ ಹೌದು. ನಮ್ಮ ಹುಡುಗ ಗೆಲ್ಲಲಿಲ್ಲ, ಆದರೆ ನೂರೈವತ್ತರ ಹತ್ತಿರ ಮತ ಪಡೆದ.

ಡಿಸೆಂಬರ್ 30ರ ಎಣಿಕೆಯಲ್ಲಿ ಚಿಕ್ಕಮ್ಮನಿಗೆ 2015ಕ್ಕಿಂತ ಹತ್ತು ಹನ್ನೆರಡು ಮತ ಮಾತ್ರ ಹೆಚ್ಚು ಬಂದವು. ಎದುರಾಳಿಯ ಮತಗಳು ಎಂಬತ್ತರಷ್ಟು ಇಳಿದಿದ್ದವು. ಒಟ್ಟು ಖರ್ಚು 12,000 ರೂಪಾಯಿ ದಾಟಲಿಲ್ಲ, ಅದರಲ್ಲೂ ಹೆಚ್ಚಿನದು ಚಹಾ ಮತ್ತು ಜೆರಾಕ್ಸಿಗೆ ಹೋಯಿತು.