ಮರಳುಗಾಡಿನ ಬೆಟ್ಟಗಳಲ್ಲಿ ಅಣಬೆ: ನನ್ನ ಅನುಭವ

ಅಮೆರಿಕದ ಅರಿಜೋನಾ ರಾಜ್ಯದ ತಗ್ಗಿನಲ್ಲಿ ಕಳ್ಳಿ, ಮುಳ್ಳು, ಕಾದ ಕಲ್ಲು. ಬೆಟ್ಟ ಹತ್ತಿ 2,100 ಮೀಟರ್ ದಾಟಿದರೆ ಪಾಂಡರೋಸಾ ಪೈನ್ ಕಾಡು, ಇನ್ನೂ ಮೇಲೆ ಸ್ಪ್ರೂಸ್, ಫರ್ ಮರಗಳು. ನಾನು ಅಣಬೆ ಹುಡುಕುವುದು ಮೊಗೊಯೋನ್ ರಿಮ್ ಮತ್ತು ವೈಟ್ ಮೌಂಟನ್ಸ್ ಕಡೆಯ ಈ ಮೇಲಿನ ಕಾಡುಗಳಲ್ಲಿ, ಜುಲೈ ಕೊನೆಯಿಂದ ಸೆಪ್ಟೆಂಬರ್‌ವರೆಗೆ.

ಮೊದಲ ಮಳೆ ಬಿದ್ದ ಕೂಡಲೇ ಓಡಬೇಡಿ. ಒಣಗಿದ ನೆಲ ಅದನ್ನು ಒಂದೇ ದಿನದಲ್ಲಿ ಹೀರಿಬಿಡುತ್ತದೆ. ಪೈನ್ ಸೂಜಿಗಳ ಹಾಸು ಸರಿಸಿ ಬೆರಳು ಚುಚ್ಚಿ ನೋಡುತ್ತೇನೆ. ಎರಡನೇ ಗೆಣ್ಣಿನವರೆಗೂ ತೇವ ಹತ್ತಿದರೆ ಅಣಬೆ ಏಳಲು ಅಂದಿನಿಂದ ಹತ್ತು–ಹದಿನಾಲ್ಕು ದಿನ ಲೆಕ್ಕ ಹಾಕುತ್ತೇನೆ. ನಡುವೆ ನಾಲ್ಕು ದಿನ ಬಿಸಿಲು, ಗಾಳಿ ಬಂದರೆ ಲೆಕ್ಕ ಮತ್ತೆ ಮೊದಲಿನಿಂದ. ಮಳೆ ಸಾಲದ ವರ್ಷ ಉತ್ತರಕ್ಕೆ ಮುಖ ಮಾಡಿದ ಇಳಿಜಾರು, ತೊರೆಯಂಚು, ಕಾಡುದಾರಿಯ ಪಕ್ಕದ ಚರಂಡಿ ಇಷ್ಟೇ ಸಾಕು, ಉಳಿದ ಕಡೆ ಕಾಲು ನೋವು ಮಾತ್ರ.

ಮುಖ್ಯವಾಗಿ ಸಿಗುವುದು ಬೊಲೀಟ್ ಎಂಬ ಅಣಬೆಯ ಎರಡು ತಿನ್ನುವ ಜಾತಿಗಳು: ಪೈನ್ ಕೆಳಗೆ ಬಿಳಿ ಟೋಪಿಯ ಬ್ಯಾರೋಸಿಯೈ, ಮೇಲೆ ಸ್ಪ್ರೂಸ್ ಇರುವಲ್ಲಿ ಕೆಂಗಂದು ಟೋಪಿಯ ರುಬ್ರಿಸೆಪ್ಸ್. ಟೋಪಿಯಡಿ ಪದರಗಳ ಬದಲು ಸ್ಪಂಜಿನಂಥ ರಂಧ್ರಗಳು, ದಂಟಿನ ಮೇಲ್ಭಾಗದಲ್ಲಿ ಸಣ್ಣ ಬಲೆಯ ಗೆರೆ, ಕೊಯ್ದರೆ ನೀಲಿಯಾಗದ ಬಿಳಿ ತಿರುಳು. ಮೂರೂ ಕೂಡಿ ಬರಬೇಕು. ರಂಧ್ರ ಕೆಂಪಿದ್ದರೆ ಮುಟ್ಟುವುದಿಲ್ಲ.

ಪದರವಿರುವ ಬಿಳಿ ಅಣಬೆಯನ್ನು ಬುಡದ ಮಣ್ಣು ಬಿಡಿಸಿ, ಇಡಿಯಾಗಿ ಕಿತ್ತು ನೋಡಿ. ದಂಟನ್ನು ಮೇಲಷ್ಟೇ ಕೊಯ್ದರೆ ಅಮಾನಿಟಾ ಎಂಬ, ಕೊಲ್ಲುವ ಜಾತಿಗಳೂ ಇರುವ ಅಣಬೆ ಗುಂಪಿನ ಗುರುತಾದ ಬುಡದ ಚೀಲ ಮಣ್ಣಲ್ಲೇ ಉಳಿದುಬಿಡುತ್ತದೆ. ಕೊಲ್ಲುವ ಅಮಾನಿಟಾಗಳ ವಿಷ ಬೇಯಿಸಿದರೂ ಹೋಗದು, ವಾಂತಿ-ಭೇದಿ ಶುರುವಾಗುವುದೇ ಸಾಮಾನ್ಯವಾಗಿ ಆರು ಗಂಟೆ ಕಳೆದ ಮೇಲೆ. ಒಂದಿಷ್ಟು ಅನುಮಾನವಿದ್ದರೂ ಬುಟ್ಟಿಗೆ ಬೇಡ.

ಮಧ್ಯಾಹ್ನಕ್ಕೆ ಸಿಡಿಲು ಬರುತ್ತದೆ. ಹನ್ನೊಂದರೊಳಗೆ ದಿಬ್ಬ ಇಳಿದಿರಬೇಕು, ಒಣ ಹಳ್ಳದಲ್ಲಿ ಗಾಡಿ ನಿಲ್ಲಿಸಬಾರದು. ಪರವಾನಗಿಯ ನಿಯಮವನ್ನು ಆಯಾ ಅರಣ್ಯದ ರೇಂಜರ್ ಕಚೇರಿಯಲ್ಲಿ ಮೊದಲೇ ಕೇಳಿಕೊಳ್ಳಿ. ವೈಟ್ ಮೌಂಟನ್ ಅಪಾಚೆ ಜನರ ನೆಲ ಪಕ್ಕದಲ್ಲೇ ಇದೆ, ಅಲ್ಲಿಗೆ ಕಾಲಿಡಲು ಅವರ ಅನುಮತಿ ಬೇಕು.

ಬಿಸಿಗೆ ಹುಳು ಬೇಗ ಹತ್ತುತ್ತದೆ. ಕಾಡಿನಲ್ಲೇ ದಂಟಿನ ಬುಡ ಕೊಯ್ದು ನೋಡುತ್ತೇನೆ: ಸೂಜಿಮೊನೆಯಷ್ಟು ತೂತುಗಳಿದ್ದರೆ ಮೇಲಕ್ಕೆ ಕೊಯ್ಯುತ್ತಾ ಹೋಗಿ, ಟೋಪಿ ಶುದ್ಧವಿದ್ದರೆ ಅದನ್ನಷ್ಟೇ ಇಟ್ಟುಕೊಳ್ಳುತ್ತೇನೆ. ಪ್ಲಾಸ್ಟಿಕ್ ಚೀಲದಲ್ಲಿ ಬೆವರಿ ಲೋಳೆಯಾಗುತ್ತವೆ, ಬುಟ್ಟಿ ಒಳ್ಳೆಯದು.

ಒಣಗಿಸಲು ಅರ್ಧ ಸೆಂಟಿಮೀಟರ್ ಹೋಳು, 50 ಡಿಗ್ರಿ ಸೆಲ್ಸಿಯಸ್, ರಾತ್ರಿಯಿಡೀ. ಶಾಖ ಹೆಚ್ಚಿದರೆ ಹೋಳು ತನ್ನ ನೀರಲ್ಲೇ ಬೆಂದು ಕಪ್ಪಾಗುತ್ತದೆ. ಕಿಲೋಗೆ ಸುಮಾರು ನೂರು ಗ್ರಾಂ ಉಳಿಯುತ್ತದೆ. ಮುರಿದರೆ ಟಕ್ ಎನ್ನಬೇಕು. ಬಾಗಿದರೆ ಮತ್ತೆ ಒಣಗಿಸಿ, ಒಂದು ಹಸಿ ಚೂರಿದ್ದರೂ ಇಡೀ ಡಬ್ಬಿಗೆ ಬೂಷ್ಟು ಹಿಡಿಯುತ್ತದೆ.