ಎಲೆ ತಡೆದೆ, ಕೆರೆಯ ಪಾಚಿ ಇಳಿಯಿತು – ನನ್ನ ಅನುಭವ

ನಮ್ಮ ತೋಟದ ಕೆರೆ ಉಡುಪಿಯ ಹಿರಿಯಡ್ಕ ಕಡೆ, ಹತ್ತು ಸೆಂಟ್ಸ್ ಆಸುಪಾಸು. ಮೂರು ಬದಿ ಮಾವು, ಹಲಸು, ಒಂದು ಗೋಳಿಮರ, ಹಿಂದಿನ ಗುಡ್ಡೆ ತುಂಬ ಅಕೇಶಿಯಾ. ಮಾರ್ಚ್ ಬಂತೆಂದರೆ ನೀರು ದಪ್ಪ ಹಸಿರು, ಸ್ಪ್ರಿಂಕ್ಲರ್ ಜೆಟ್ ಕಟ್ಟಿಕೊಳ್ಳುವುದು, ಬೆಳಗಾಗುವ ಹೊತ್ತಿಗೆ ಕಾಟ್ಲಾ ಮೀನುಗಳು ಮೇಲೆ ಬಂದು ಬಾಯಿ ಬಿಡುವುದು. ಇದಕ್ಕೆ ಎಲೆಯೇ ಕಾರಣ ಎಂದಾಗ ಎಲ್ಲರೂ ನಕ್ಕರು. "ಎಲೆ ಕೊಳೆತರೆ ಮೀನಿಗೆ ಗೊಬ್ಬರ ಅಲ್ವಾ ಮಾರಾಯ್ರೆ?" ಈಗ ಅವರಲ್ಲಿ ಇಬ್ಬರು ನಮ್ಮಲ್ಲಿಗೆ ಬಂದು ಅಳತೆ ತೆಗೆದುಕೊಂಡು ಹೋಗಿದ್ದಾರೆ.

ಮೊದಲು ದುಡ್ಡು ಹೋದ ಲೆಕ್ಕ. ಹಿಟಾಚಿ ತಂದು ಹೂಳು ತೆಗೆಸಿದ್ದಕ್ಕೆ 40 ಸಾವಿರದ ಹತ್ತಿರ. ಒಂದು ಬೇಸಿಗೆ ಚೆನ್ನಾಗಿತ್ತು, ಮರು ಬೇಸಿಗೆಗೆ ಮತ್ತೆ ಹಸಿರು. ಆಮೇಲೆ ಹುಲ್ಲುಗೆಂಡೆ ಮೀನಿನ ಮರಿ ಬಿಟ್ಟೆ. ಅದು ನೀರಿನ ಗಿಡ ತಿನ್ನುತ್ತದೆ ನಿಜ, ಆದರೆ ನೀರಲ್ಲೇ ಬೆರೆತ ಪಾಚಿಗೆ ಅದರಿಂದ ಏನೂ ಆಗುವುದಿಲ್ಲ, ತಿಂದದ್ದು ಮತ್ತೆ ಗೊಬ್ಬರವಾಗಿ ನೀರಿಗೇ ಬೀಳುತ್ತದೆ. ಅಡಿಕೆಯ ಕೊಳೆರೋಗಕ್ಕೆ ತಂದ ಮೈಲುತುತ್ತು (ತಾಮ್ರದ ಸಲ್ಫೇಟ್) ಉಂಟಲ್ಲ, ಸ್ವಲ್ಪ ಹಾಕಿ ಎಂದವರೂ ಇದ್ದರು. ಅದಕ್ಕೆ ಕೈ ಹಾಕಲಿಲ್ಲ. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ) ನೆಲದ ನೀರು ಮೆದು, ಸುಣ್ಣದಂಶ ಕಡಿಮೆ, ಅಂಥ ನೀರಲ್ಲಿ ತಾಮ್ರದ ವಿಷ ಮೀನಿಗೆ ಜಾಸ್ತಿ ತಾಗುತ್ತದೆ. ಮೇಲಿಂದ ಪಾಚಿ ಒಟ್ಟಿಗೆ ಸತ್ತು ಕೊಳೆತರೆ ಇದ್ದ ಆಮ್ಲಜನಕವೂ ಹೋಗುತ್ತದೆ.

ಸುಮ್ನೆ ಕುತೂಹಲಕ್ಕೆ ಬಕೆಟ್‌ಗಳಲ್ಲಿ ಬೇರೆ ಬೇರೆ ಎಲೆ ನೆನೆಹಾಕಿ ನೋಡಿದೆ. ಗ್ಲಿರಿಸಿಡಿಯಾ ಕೆಲವೇ ದಿನದಲ್ಲಿ ನಾರಿ ಕರಗಿತು. ಮಾವಿನದು ಎರಡನೇ ದಿನಕ್ಕೇ ಚಹಾದ ಡಿಕಾಕ್ಷನ್‌ನಂತೆ ಬಣ್ಣ ಬಿಟ್ಟಿತು. ಅಕೇಶಿಯಾ ಮಾತ್ರ ತಿಂಗಳುಗಟ್ಟಲೆ ಹಾಗೇ, ಬೆರಳಲ್ಲಿ ಮಡಚಿದರೂ ಮುರಿಯುವುದಿಲ್ಲ. ಪಾಚಿ ಬೆಳೆಯುವುದು ರಂಜಕ (ಫಾಸ್ಫರಸ್) ತಿಂದು. ಎಲೆಯ ರಂಜಕದಲ್ಲಿ ದೊಡ್ಡ ಪಾಲು ನೀರಿಗೆ ಬಿದ್ದ ಮೊದಲ ಕೆಲವು ದಿನಗಳಲ್ಲೇ ಬಿಟ್ಟುಹೋಗುತ್ತದೆ. ಉಳಿದದ್ದು ತಳಕ್ಕೆ ಹೋಗಿ ಕೊಳೆಯುವಾಗ ಅಲ್ಲಿ ಆಮ್ಲಜನಕ ಮುಗಿದು, ಹಳೆ ಕೆಸರಿನಲ್ಲಿದ್ದ ರಂಜಕವೂ ಮೇಲೇಳುತ್ತದೆ. ಚಳಿದೇಶಗಳಲ್ಲಿ ಎಲೆ ಬೀಳುವುದು ತಣ್ಣಗಾಗುತ್ತಿರುವ ನೀರಿಗೆ. ನಮ್ಮಲ್ಲಿ ಡಿಸೆಂಬರ್‌ನಿಂದ ಮಾರ್ಚ್ ತನಕ, ಅಂದರೆ ಕೆರೆ ಬತ್ತುತ್ತ, ಬಿಸಿಯಾಗುತ್ತ ಹೋಗುವಾಗಲೇ. ಪಾಚಿಗೆ ಇದಕ್ಕಿಂತ ಒಳ್ಳೆಯ ಕಾಲ ಬೇಕಾ?

ಹಾಗಾಗಿ ಎಲೆ ಮುಳುಗುವ ಮೊದಲೇ ಹಿಡಿಯಬೇಕು. ಮಲ್ಪೆ ಬಂದರಿನಿಂದ ಹಳೆ ಬಲೆ ತಂದೆ, ಮೂರು ಸಾವಿರದ ಒಳಗೇ ಆಯಿತು. ಮರಗಳಿರುವ ಬದಿಯಲ್ಲಿ ಅದನ್ನು ನೀರಿನ ಮೇಲೆ ಎತ್ತರಿಸಿ ಕಟ್ಟಿದೆ. ಪೂರ್ತಿ ಮುಚ್ಚುವುದು ಬೇಡ. ತಪ್ಪಿ ಬಿದ್ದ ಎಲೆ ತಡೆಯಲು ಎರಡೂ ತುದಿ ಮುಚ್ಚಿದ ಪಿವಿಸಿ ಪೈಪನ್ನು, ಕೆಳಗೆ ಬಲೆ ಇಳಿಬಿಟ್ಟು, ಮೂಲೆಯಲ್ಲಿ ತೇಲಿಸಿದ್ದೇನೆ. ಆ ತಿಂಗಳುಗಳಲ್ಲಿ ಬೆಳಗ್ಗೆ ಮೂಡಣ ಗಾಳಿ, ಮಧ್ಯಾಹ್ನ ಕಡಲ ಗಾಳಿ. ಬೆಳಗಿನ ಗಾಳಿಗೆ ಎಲೆಯೆಲ್ಲ ಪಡುಬದಿಗೆ ಸೇರುತ್ತದೆ, ಹನ್ನೊಂದರ ಒಳಗೆ ಬಾಚಿದರೆ ಅರ್ಧ ಗಂಟೆಯ ಕೆಲಸ. ಗಾಳಿ ತಿರುಗಿದ ಮೇಲೆ ಹೋದರೆ ಕೆರೆಯಿಡೀ ಅಲೆಯಬೇಕು. ಪೈಪಿನ ಕೆಳಗೆ ಬಲೆಯ ಅಂಚು ಮೇಲೇಳದ ಹಾಗೆ ಏನು ಕಟ್ಟಿದ್ದೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಬಂದವರಿಗೆ ತೋರಿಸುತ್ತೇನೆ.

ಇಂಗ್ಲೆಂಡ್ ಕಡೆ ಪಾಚಿಗೆ ಬಾರ್ಲಿ ಹುಲ್ಲು ಹಾಕುತ್ತಾರಂತೆ ಎಂದು ಬೈಹುಲ್ಲಿನ ಕಂತೆಯನ್ನೂ ಇಳಿಸಿ ನೋಡಿದ್ದುಂಟು. ವಾಸನೆ ಬಂದದ್ದೇ ಲಾಭ.

ಎಲ್ಲ ಸೇರಿ ಏಳು ಸಾವಿರ ದಾಟಿಲ್ಲ. ಮೊದಲ ಬೇಸಿಗೆಯಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ, ತಳದಲ್ಲಿ ಹಳೆಯದು ಇತ್ತಲ್ಲ. ಕಳೆದ ಏಪ್ರಿಲ್‌ನಲ್ಲಿ ಸ್ಟೀಲ್ ತಟ್ಟೆಗೆ ಹಗ್ಗ ಕಟ್ಟಿ ಇಳಿಸಿದರೆ ಎರಡು ಅಡಿಯ ತನಕ ಕಾಣುತ್ತಿತ್ತು. ಮೊದಲು ಒಂದು ಗೇಣಿಗೇ ಮಾಯ! ಬಾಚಿದ ಎಲೆ ಹಟ್ಟಿಗೆ, ಅಲ್ಲಿಂದ ಅಡಿಕೆ ಬುಡಕ್ಕೆ.

ಬಲೆಯ ಕಣ್ಣಿಗೆ ನೀರೊಳ್ಳೆ ಹಾವು ಸಿಕ್ಕಿಹಾಕಿಕೊಳ್ಳುವುದುಂಟು, ಬಿಡಿಸುವುದು ರಗಳೆ. ಪತ್ತನಾಜೆಯ (ತುಳು ಬೇಶ ತಿಂಗಳ ಹತ್ತನೇ ದಿನ, ಮೇ ಕೊನೆಯ ಹೊತ್ತಿಗೆ) ಮೊದಲು ಬಲೆ ಬಿಚ್ಚಿಡಿ, ಗುಡ್ಡೆಯ ತರಗೆಲೆಯನ್ನೂ ಗುಡಿಸಿಬಿಡಿ. ಇಲ್ಲದಿದ್ದರೆ ಮೊದಲ ಮಳೆಗೆ ಅಷ್ಟೂ ಒಂದೇ ರಾತ್ರಿಯಲ್ಲಿ ಕೆರೆಗೆ ಇಳಿಯುತ್ತದೆ.