ದೀಪದ ಬೆಳಕನ್ನು ಎಣ್ಣೆಬಣ್ಣದಲ್ಲಿ ನಕಲು ಮಾಡಿದ್ದು

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ಕಲಾವಿದ ಹಲ್ದಂಕರ್ ಅವರ ದೀಪ ಹಿಡಿದ ಮಹಿಳೆಯ ಚಿತ್ರವನ್ನು ಬಹಳ ಜನ ತೈಲವರ್ಣ ಅಂದುಕೊಂಡಿದ್ದಾರೆ. ಅದು ಜಲವರ್ಣ. ಎಣ್ಣೆಬಣ್ಣ ಕಲಿಯಲು ನಾನು ಅದನ್ನೇ ಆರಿಸಿಕೊಂಡದ್ದು ಅದಕ್ಕೇ. ಜಲವರ್ಣದಲ್ಲಿ ಬೆಳಕೆಂದರೆ ಕಾಗದದ ಬಿಳುಪು. ಎಣ್ಣೆಬಣ್ಣದಲ್ಲಿ ಆ ಬಿಳುಪನ್ನು ನಾವೇ ಅಡಿಯಲ್ಲಿ ಕಟ್ಟಬೇಕು. ಅಚ್ಚಿನ ಪ್ರತಿಗಳಲ್ಲಿ ನೆರಳೆಲ್ಲ ಕಪ್ಪಾಗಿ ಮುಚ್ಚಿಹೋಗಿರುತ್ತದೆ, ಆದ್ದರಿಂದ ಮೂಲದ ಮುಂದೆ ನಿಂತು ನೆರಳಿನ ಬಣ್ಣಗಳನ್ನು ಬರೆದಿಟ್ಟುಕೊಂಡೆ.

ಕ್ಯಾನ್ವಾಸ್ 18×24 ಇಂಚು. ಎರಡು ಕೋಟ್ ಜೆಸ್ಸೊ (ಬಣ್ಣಕ್ಕೂ ಮೊದಲು ಬಳಿಯುವ ಬಿಳಿ ತಳಲೇಪ), ನಡುವೆ ನಯವಾದ ಮರಳುಕಾಗದ. 2 ಇಂಚಿನ ಚೌಕ ಹಾಕಿ ಇದ್ದಿಲಿನಲ್ಲಿ ರೇಖೆ ಇಳಿಸಿದೆ. ಇದ್ದಿಲಿನ ಪುಡಿಯನ್ನು ಚೆನ್ನಾಗಿ ಕೊಡವದಿದ್ದರೆ ಮೇಲಿನ ಬಣ್ಣ ಕೊಳೆಯಾಗುತ್ತದೆ.

ಮೊದಲ ಪದರ ರಾ ಅಂಬರ್ ಎಂಬ ಮಣ್ಣುಗಂದು, ಬರೀ ಟರ್ಪೆಂಟೈನ್‌ನಲ್ಲಿ. ಒಂದೆರಡು ದಿನದಲ್ಲಿ ಒಣಗುತ್ತದೆ. ಇಲ್ಲೇ ಛಾಯೆಗಳನ್ನು ಐದು ಮೆಟ್ಟಿಲಿಗೆ ಇಳಿಸಿದೆ: ಅತಿ ಬೆಳಕು ಜ್ವಾಲೆಗೆ ಮಾತ್ರ, ಮುಖ ಎರಡನೆಯದು, ಸೀರೆ ಮತ್ತು ಗೋಡೆ ಅದಕ್ಕಿಂತ ಕೆಳಗೆ. ಮುಖಕ್ಕೆ ಆಸೆಪಟ್ಟು ಬಿಳಿ ಸುರಿದರೆ ದೀಪ ಆರಿದಂತೆಯೇ. ಮೊಬೈಲಿನಲ್ಲಿ ಕಪ್ಪುಬಿಳುಪು ಫೋಟೊ ತೆಗೆದು ನೋಡಿದರೆ ತಪ್ಪು ಥಟ್ಟನೆ ಕಾಣುತ್ತದೆ.

ಕಷ್ಟವಿರುವುದು ಜ್ವಾಲೆಗೆ ಅಡ್ಡ ಹಿಡಿದ ಬೆರಳುಗಳಲ್ಲಿ. ಅಲ್ಲಿ ಬೆಳಕು ಚರ್ಮದ ಮೇಲೆ ಬೀಳುವುದಲ್ಲ, ಚರ್ಮದೊಳಗಿಂದ ಹಾಯ್ದು ಬರುತ್ತದೆ. ಕೆಂಪಿಗೆ ಬಿಳಿ ಬೆರೆಸಿದರೆ ಸುಣ್ಣ ಬಳಿದ ಗುಲಾಬಿಯಾಗುತ್ತದೆ, ಯಾಕೆಂದರೆ ಟೈಟಾನಿಯಂ ಬಿಳಿ ಅಪಾರದರ್ಶಕ ಮತ್ತು ಕೆಂಪನ್ನು ತಣ್ಣಗಾಗಿಸುತ್ತದೆ. ಹಾಗಾಗಿ ಬೆರಳುಗಳನ್ನು ಬಿಳಿ ಮತ್ತು ಚಿಟಿಕೆ ಮಣ್ಣುಹಳದಿ ಯೆಲ್ಲೊ ಓಕರ್‌ನಲ್ಲಿ ಮಾತ್ರ ಮೂಡಿಸಿ, ವಾರ ಒಣಗಲು ಬಿಟ್ಟೆ. ಮೇಲೆ ಕಡುಗೆಂಪಿನ ಅಲಿಜರಿನ್ ಕ್ರಿಮ್ಸನ್ ಮತ್ತು ಕೆಂಗಂದಿನ ಬರ್ನ್ಟ್ ಸಿಯೆನ್ನಾ, ಎರಡೂ ಪಾರದರ್ಶಕ. ಅಗಸೆ ಎಣ್ಣೆ, ಟರ್ಪೆಂಟೈನ್ ಸಮಸಮ ಬೆರೆಸಿ ತೆಳುವಾಗಿ ಎಳೆದು, ಬೆರಳಿನ ಅಂಚಿನಲ್ಲಿ ಬಟ್ಟೆಯಿಂದ ಒರೆಸಿದೆ. ಒಂದೇ ಸಲಕ್ಕೆ ಕೆಂಪು ಸಾಲದು. ಮೂರು ಪದರ ಬೇಕಾಯಿತು. ಅಡುಗೆಯ ಅಗಸೆ ಎಣ್ಣೆ ಬೇಡ, ಕಲಾಸಾಮಗ್ರಿ ಅಂಗಡಿಯ ಸಂಸ್ಕರಿಸಿದ ಎಣ್ಣೆಯೇ ಇರಲಿ. ಎಣ್ಣೆ ಹೆಚ್ಚಾದರೆ ಮೇಲ್ಮೈ ಸುಕ್ಕುಗಟ್ಟುತ್ತದೆ. ಕೆಳಗಿನ ಪದರದಲ್ಲಿ ಎಣ್ಣೆ ಹೆಚ್ಚು, ಮೇಲೆ ಕಡಿಮೆಯಾದರೆ ಮುಂದೆ ಬಿರುಕು ಗ್ಯಾರಂಟಿ.

ಗೋಡೆಯ ನೆರಳಿಗೆ ಕಪ್ಪು ಟ್ಯೂಬ್ ಮುಟ್ಟಲಿಲ್ಲ. ಅಲ್ಟ್ರಾಮರೀನ್ ನೀಲಿ ಮತ್ತು ಕಡುಗಂದಿನ ಬರ್ನ್ಟ್ ಅಂಬರ್ ಬೆರೆತ ಕಡುಬಣ್ಣಕ್ಕೆ ಉಸಿರಾಟವಿರುತ್ತದೆ. ಒಣಗಿದ ಮೇಲೆ ಅಂಬರ್ ಇರುವ ಕಡೆ ಎಣ್ಣೆ ಹೀರಿ ಮಂಕಾಗುತ್ತದೆ. ಅದರ ಮೇಲೆ ಬಣ್ಣ ಹಾಕುವ ಮೊದಲು ಎಣ್ಣೆಯನ್ನು ನವಿರಾಗಿ ಸವರಿ ಪೂರ್ತಿ ಒರೆಸಿಬಿಡಬೇಕು. ಆ ಎಣ್ಣೆಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನೇ ಬಿಸಿಯೇರಿ ಹೊತ್ತಿಕೊಳ್ಳಬಹುದು, ನೀರಿನ ಡಬ್ಬದಲ್ಲಿ ಮುಳುಗಿಸಿಡಿ. ಮಳೆಗಾಲದಲ್ಲಿ ಪ್ರತಿ ಪದರಕ್ಕೂ ಹೆಚ್ಚು ದಿನ ಕೊಡಿ. ವಾರ್ನಿಶ್ ಆರು ತಿಂಗಳ ಮೇಲೆ.